ಒಂದು ಮಗ್ ಬ್ಲೀಚಿಂಗ್ ಪೌಡರ್ ಸಾಲದು

ತಾಲ್ಲೂಕು ಆಸ್ಪತ್ರೆಯೊಂದರ ಶುಶ್ರೂಷಾಧಿಕಾರಿಯೊಬ್ಬರು ಬರೆದಿದ್ದಾರೆ: ‘ದಿನವೂ ಸಂಜೆ ಆಸ್ಪತ್ರೆಯ ಚರಂಡಿಗೆ ಒಂದು ಮಗ್ ಬ್ಲೀಚಿಂಗ್ ಪೌಡರ್ ಸುರಿಸುತ್ತೇವೆ. ಆದರೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಕೆರೆ ಸೇರುತ್ತವೆಯೇ? ಅಲ್ಲಿಂದ ವಾರ್ಡಿಗೆ ವಾಪಸು ಬರುವುದೂ ಉಂಟೇ?’

ಸಂಪಾದಕರ ಉತ್ತರ:

ಎರಡಕ್ಕೂ ಉತ್ತರ ಹೌದು. ನಿಮ್ಮ ಕಾಳಜಿಯಲ್ಲಿ ಕೊರತೆಯಿಲ್ಲ, ಪೌಡರ್ ಬೀಳುತ್ತಿರುವ ಜಾಗ ಸರಿಯಿಲ್ಲ.

ಲೆಕ್ಕ ಹಾಕಿ ನೋಡಿ. ಶುದ್ಧೀಕರಿಸದ ಕೊಳಚೆಯಲ್ಲಿ ಲೀಟರಿಗೆ 30 ಮಿಲಿಗ್ರಾಂ ಸಾರಜನಕ ಅಮೋನಿಯಾ ರೂಪದಲ್ಲಿ ಇರುವುದು ಸಾಮಾನ್ಯ. ಅದರ ಒಂದೊಂದು ಮಿಲಿಗ್ರಾಮೂ ಸುಮಾರು 8 ಮಿಲಿಗ್ರಾಂ ಕ್ಲೋರಿನ್ ನುಂಗುತ್ತದೆ. ದಿನಕ್ಕೆ 10,000 ಲೀಟರ್ ನೀರು ಹೊರಬಿದ್ದರೆ ಅಮೋನಿಯಾಕ್ಕೇ 2.4 ಕಿಲೋ ಕ್ಲೋರಿನ್ ಹೋಯಿತು. ಶೇ 30 ಕ್ಲೋರಿನ್ ಇರುವ ಹೊಸ ಪೌಡರ್ ಆದರೂ 8 ಕಿಲೋ! ಮಲ, ರಕ್ತ, ಸೋಪು ನುಂಗುವುದು ಬೇರೆ. ಬಾಯಿ ಕಟ್ಟದ ಚೀಲದಲ್ಲಿಟ್ಟ ಪೌಡರ್ ಬಿಸಿಲಿಗೂ ತೇವಕ್ಕೂ ಸತ್ವ ಕಳೆದುಕೊಂಡಿರುತ್ತದೆ. ಗಟ್ಟಿ ಕಣಗಳೊಳಗೆ ಅಡಗಿದ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ತಾಗುವುದೂ ಕಷ್ಟ.

ಆದ್ದರಿಂದ ಮೊದಲು ಗಸಿ ತಳಕ್ಕೆ ಕೂರಬೇಕು, ಆಮೇಲೆ ಗಾಳಿಯಾಡಿಸಿ ಅಮೋನಿಯಾ ಇಳಿಸಬೇಕು, ಮರಳಿನಲ್ಲಿ ಸೋಸಬೇಕು. ಕ್ಲೋರಿನ್ ಸೇರುವುದು ಕಡೆಯಲ್ಲಿ, ನೀರು 30 ನಿಮಿಷವಾದರೂ ನಿಲ್ಲುವ ತೊಟ್ಟಿಯಲ್ಲಿ. ಹೀಗೆ ತಿಳಿಯಾದ 10,000 ಲೀಟರಿಗೆ, ಲೀಟರಿಗೆ 10 ಮಿಲಿಗ್ರಾಂ ಲೆಕ್ಕದಲ್ಲಿ, ಸುಮಾರು 330 ಗ್ರಾಂ ಪೌಡರಿನಿಂದ ಶುರುಮಾಡಬಹುದು. ಸಾಕೋ ಇಲ್ಲವೋ ಎಂಬುದನ್ನು ಮೂಗಿನಿಂದಲ್ಲ, ತೊಟ್ಟಿಯಿಂದ ಹೊರಬೀಳುವ ನೀರಿನಲ್ಲಿ ಉಳಿದ ಕ್ಲೋರಿನ್ ಅಳೆದು ತೀರ್ಮಾನಿಸಿ. ತಳದ ಗಸಿಯಲ್ಲಿ ಬ್ಯಾಕ್ಟೀರಿಯಾ ಇನ್ನೂ ದಟ್ಟ. ಅದು ಹಸಿಹಸಿಯಾಗಿ ಹೊಲಕ್ಕೆ ಹೋಗಬಾರದು.

ಇನ್ನು ವಾಪಸು ಬರುವ ದಾರಿ. 2010ರಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ, ಸೋರಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ಬೇರೇನೂ ನಾಟದಾಗ ಕೊಡುವ ಮೆರೊಪೆನೆಮ್ ಎಂಬ ಆಂಟಿಬಯೋಟಿಕ್ ಅನ್ನೂ ಮುರಿದುಹಾಕುವ ಕಿಣ್ವದ ಜೀನ್ ಅದು. 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲೂ ಇತ್ತು. ಕಾಲರಾ ಬ್ಯಾಕ್ಟೀರಿಯಾದಲ್ಲೂ ಕಂಡಿತು, ಏಕೆಂದರೆ ಈ ಜೀನ್ ಪ್ಲಾಸ್ಮಿಡ್ ಎಂಬ ಡಿಎನ್‌ಎ ಬಳೆಯ ಮೇಲೆ ಕುಳಿತು ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುತ್ತದೆ. ದಾಟುವಿಕೆ 37 ಡಿಗ್ರಿಗಿಂತ 30 ಡಿಗ್ರಿಯಲ್ಲೇ ಹೆಚ್ಚಿತ್ತು; ನಮ್ಮ ಚರಂಡಿಗಳಿಗೆ ಅದು ಅಪರೂಪದ ತಾಪಮಾನವೇನಲ್ಲ. ಇಂಥ ನೀರು ಕುಡಿದವರು ಜೀನನ್ನು ಕರುಳಿನಲ್ಲಿ ಹೊತ್ತು, ಬೇರಾವುದೋ ಕಾಯಿಲೆಗೆಂದು ನಿಮ್ಮಲ್ಲಿ ದಾಖಲಾಗುತ್ತಾರೆ.

ಒಳಗೆ ಬಂದ ಮೇಲೆ ಇಂಥ ಬ್ಯಾಕ್ಟೀರಿಯಾದ ನೆಲೆ ಕೈತೊಳೆಯುವ ಸಿಂಕ್. ಅಡಿಯ ಬಾಗಿದ ಪೈಪಿನಲ್ಲಿ ಸದಾ ನೀರು ನಿಂತಿರುತ್ತದೆ, ಒಳಗೋಡೆಗೆ ಬ್ಯಾಕ್ಟೀರಿಯಾದ ಲೋಳೆ ಕಟ್ಟುತ್ತದೆ. 2017ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದ ಸಿಂಕುಗಳಲ್ಲಿ ನೋಡಿದಂತೆ, ಪೋಷಕಾಂಶ ಸಿಕ್ಕಿದಾಗ ಆ ಲೋಳೆ ದಿನಕ್ಕೆ ಸುಮಾರು 2.5 ಸೆಂ.ಮೀ. ಮೇಲೇರಿತು. ಸಿಂಕಿನ ತೂತಿನ ಜಾಲರಿ ತಲುಪಿದ ಮೇಲೆ, ನಲ್ಲಿ ಬಿಟ್ಟಾಗ ಹನಿಗಳು 75 ಸೆಂ.ಮೀ.ವರೆಗೆ ಸಿಡಿದವು. ಉಳಿದ ಗ್ಲೂಕೋಸ್, ಹಾಲು, ಚಹಾ ಅಲ್ಲಿಗೆ ಸುರಿಯುವುದೆಂದರೆ ಅದಕ್ಕೆ ಊಟ ಬಡಿಸಿದಂತೆಯೇ. ನಲ್ಲಿಯ ಧಾರೆ ನೇರ ಜಾಲರಿಯ ಮೇಲೆ ಬೀಳದಿರಲಿ. ಇಂಜೆಕ್ಷನ್ ಟ್ರೇ ಸಿಂಕಿನಿಂದ ಒಂದು ಮೀಟರ್ ದೂರವಿರಲಿ.

ವಯಲ್‌ನಲ್ಲಿ ಉಳಿದ ಆಂಟಿಬಯೋಟಿಕ್ ಅನ್ನೂ ಸಿಂಕಿಗೆ ಚೆಲ್ಲಬೇಡಿ. ತೆಳುವಾದ ಔಷಧಿಯಲ್ಲಿ ಸಾಯುವುದು ಸಾಧು ಬ್ಯಾಕ್ಟೀರಿಯಾ, ಉಳಿಯುವುದು ಹಟಮಾರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಅದರ ಜಾಗ ಹಳದಿ ಚೀಲ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ ಕಲ್ಚರ್ ಪ್ಲೇಟುಗಳನ್ನು ಆಸ್ಪತ್ರೆಯಲ್ಲೇ ಆಟೋಕ್ಲೇವ್ ಮಾಡಿಸಿದ, ಅಂದರೆ ಒತ್ತಡದ ಉಗಿಯಲ್ಲಿ ಬೇಯಿಸಿದ ಮೇಲಷ್ಟೇ ಹೊರಗೆ ಕಳಿಸಿ.

– ಸಂ.