ಬಾಂಗಡಾದ ಹೊಟ್ಟೆಯ ಹುಳ, ಕಿವಿರಿನ ಹೇನು

ಗೋಕಾಕದ ಓದುಗರೊಬ್ಬರು ಬರೆದಿದ್ದಾರೆ: ‘ಬೆಳಗಾವಿ ಮಾರ್ಕೆಟ್ಟಿನಿಂದ ಎರಡು ಕಿಲೊ ಬಾಂಗಡಾ ತಂದಿದ್ದೆವು. ಹೊಟ್ಟೆ ಸೀಳಿದರೆ ಕರುಳಿನ ಮೇಲೆ ಬಿಳಿ ದಾರದಂಥ ಹುಳಗಳು ಸುತ್ತಿಕೊಂಡಿದ್ದವು. ಇನ್ನೊಂದು ಮೀನಿನ ಕಿವಿರಿನೊಳಗೆ ಕಾಲುಗಳಿದ್ದ ದೊಡ್ಡ ಹುಳ ಕೂತಿತ್ತು. ಮನೆಯವರು ಹೇಸಿ ಅಷ್ಟನ್ನೂ ತಿಪ್ಪೆಗೆ ಹಾಕಿದರು. ನಮಗೆ ಕೆಟ್ಟ ಮೀನು ಕೊಟ್ಟರೇ? ತಿಂದಿದ್ದರೆ ಏನಾಗುತ್ತಿತ್ತು? ಇದನ್ನೆಲ್ಲ ಹೊತ್ತುಕೊಂಡು ಮೀನು ಬದುಕುವುದಾದರೂ ಹೇಗೆ?’

ಸಂಪಾದಕರ ಉತ್ತರ:

ಹುಳವಿದ್ದ ಮೀನು ಬೇರೆ, ಕೆಟ್ಟ ಮೀನು ಬೇರೆ. ನೀವು ಬರೆದ ಲಕ್ಷಣಗಳಷ್ಟನ್ನೇ ನೋಡಿದರೆ ಆ ಎರಡು ಕಿಲೊ ಎಸೆಯಬೇಕಾಗಿರಲಿಲ್ಲ. ಹೊಟ್ಟೆ ತೆಗೆದು, ತೊಳೆದು, ಚೆನ್ನಾಗಿ ಬೇಯಿಸಿದ್ದರೆ ಸಾಕಿತ್ತು. ಸಮುದ್ರದಲ್ಲಿ ತಾನಾಗಿ ಬೆಳೆದ ಮೀನಿನಲ್ಲಿ ಒಂದಲ್ಲ ಒಂದು ಪರೋಪಜೀವಿ ಇರುವುದು ಸಹಜ.

ಚಕ್ಕುಲಿಯ ಹಾಗೆ ಸುತ್ತಿಕೊಂಡ ಬಿಳಿ ಹುಳಗಳು ಬಹುಮಟ್ಟಿಗೆ ಅನಿಸಾಕಿಸ್ ಬಳಗದ ಮರಿಹುಳಗಳು. ಬಿಡಿಸಿದರೆ ಎರಡು-ಮೂರು ಸೆಂಟಿಮೀಟರ್ ಉದ್ದ. ಅನಿಸಾಕಿಸ್ ಹುಳ ಬಲಿತು ಮೊಟ್ಟೆಯಿಡುವುದು ತಿಮಿಂಗಿಲ, ಡಾಲ್ಫಿನ್‌ಗಳ ಹೊಟ್ಟೆಯಲ್ಲಿ. ಮೊಟ್ಟೆ ಮಲದೊಂದಿಗೆ ಸಮುದ್ರಕ್ಕೆ ಬೀಳುತ್ತದೆ. ಅದರಿಂದ ಹೊರಬಂದ ಮರಿಯನ್ನು ಸೀಗಡಿಯಂಥ ಸಣ್ಣ ಜೀವಿ ತಿನ್ನುತ್ತದೆ, ಅದನ್ನು ಮೀನು, ಮೀನನ್ನು ಡಾಲ್ಫಿನ್. ಹಾಗಾಗಿ ಮೀನಿನೊಳಗೆ ಈ ಹುಳ ಬೆಳೆಯುವುದೂ ಇಲ್ಲ, ಮರಿ ಹಾಕುವುದೂ ಇಲ್ಲ. ಡಾಲ್ಫಿನ್ ಬಾಯಿಗೆ ಬೀಳುವ ದಿನಕ್ಕಾಗಿ ಸುರುಳಿ ಸುತ್ತಿ ಕಾಯುತ್ತದೆ. ಮೀನಿನ ದೇಹ ಅದರ ಸುತ್ತ ತೆಳುವಾದ ಚೀಲ ಕಟ್ಟಿ ಬೇರ್ಪಡಿಸಿಡುತ್ತದೆ. ನಾಲ್ಕಾರು ಹುಳಗಳಿಂದ ಮೀನಿಗೆ ದೊಡ್ಡ ತೊಂದರೆಯಿಲ್ಲ. ಯಕೃತ್ತಿನ ತುಂಬ ಕಿಕ್ಕಿರಿದರೆ ಮಾತ್ರ ಅದು ಸೊರಗಿ, ಮೀನು ಬಡಕಲಾಗುತ್ತದೆ.

ಕಿವಿರಿನಲ್ಲಿ ಕೂತಿದ್ದ ಪ್ರಾಣಿಯ ಕಥೆ ಇದಕ್ಕಿಂತ ಕಠಿಣ. ಅದು ಹುಳವಲ್ಲ, ಸೀಗಡಿ-ಏಡಿಗಳ ದೂರದ ಬಂಧು. ಒದ್ದೆ ಕಲ್ಲು ಎತ್ತಿದರೆ ಅಡಿಯಲ್ಲಿ ಸಿಗುವ, ಮುಟ್ಟಿದರೆ ಉಂಡೆಯಾಗುವ ಬೂದು ಬಣ್ಣದ ಜೀವಿಯ ಬಳಗ. ನಮ್ಮ ಕರಾವಳಿಯ ಬಾಂಗಡಾದಲ್ಲಿ ಸಿಗುವುದಕ್ಕೆ ನೊರಿಲೆಕಾ ಇಂಡಿಕಾ ಎಂದು ಹೆಸರು. ಏಳು ಜೊತೆ ಕಾಲುಗಳ ತುದಿಯಲ್ಲೂ ಕೊಕ್ಕೆ. ಕಿವಿರಿನ ಮುಚ್ಚಳದಡಿಯ ಇಕ್ಕಟ್ಟಿನಲ್ಲಿ ಕೂತು ಕೂತು ಅದರ ಮೈಯೇ ಒಂದು ಪಕ್ಕಕ್ಕೆ ತಿರುಚಿಕೊಂಡಿರುತ್ತದೆ. ಈ ಬಳಗದ ಮರಿ ಈಜುತ್ತ ಬಂದು ಮೀನನ್ನು ಹಿಡಿದಾಗ ಮೊದಲು ಗಂಡಾಗುತ್ತದೆ. ಅಲ್ಲಿ ಆಗಲೇ ಹೆಣ್ಣಿದ್ದರೆ ಗಂಡಾಗಿಯೇ ಉಳಿಯುತ್ತದೆ, ಇಲ್ಲದಿದ್ದರೆ ಬೆಳೆದು ತಾನೇ ಹೆಣ್ಣಾಗುತ್ತದೆ. ಹೆಣ್ಣಾದ ಮೇಲೆ ಈಜು ಮರೆತಂತೆಯೇ. ಹೊಟ್ಟೆಯಡಿಯ ಚೀಲದಲ್ಲಿ ಮೊಟ್ಟೆ ಹೊತ್ತು ಕೊನೆತನಕ ಅಲ್ಲೇ.

ಮುಂದಿನ ಸಲ ಈ ಕಿವಿರಿನ ಹೇನನ್ನು ಕಿತ್ತ ಮೇಲೆ ಕಿವಿರನ್ನೊಮ್ಮೆ ನೋಡಿ. ಬಾಚಣಿಗೆಯಂತೆ ಸಾಲಾಗಿರಬೇಕಾದ ಕೆಂಪು ಎಳೆಗಳು ಅದು ಕೂತ ಜಾಗದಲ್ಲಿ ಸವೆದು ಮೋಟಾಗಿರುತ್ತವೆ, ಬಣ್ಣವೂ ಬಿಳಿಚಿರುತ್ತದೆ. ಎಳೆ ಕಡಿಮೆಯಾದಷ್ಟೂ ಮೀನಿನ ಉಸಿರು ಕಡಿಮೆ. ರಕ್ತವೂ ಹೋಗುವುದರಿಂದ ಮೈ ತುಂಬುವುದಿಲ್ಲ. ಇದೇ ಬಳಗದ ಸಿಮೊಥೊವಾ ಎಕ್ಸಿಗುವಾ, ಅಮೆರಿಕದ ಕಡೆಯ ಸಮುದ್ರದ್ದು, ಮೀನಿನ ನಾಲಿಗೆಯ ರಕ್ತ ಹೀರಿ ಅದನ್ನು ಒಣಗಿಸಿ, ನಾಲಿಗೆಯ ಜಾಗದಲ್ಲಿ ತಾನೇ ಕೂರುತ್ತದೆ. ಇವು ಮನುಷ್ಯನಿಗೆ ಅಂಟುವುದಿಲ್ಲ. ಕಿತ್ತೆಸೆದು, ತಲೆ ತೆಗೆದು ಮೀನು ಬಳಸಬಹುದು.

ಸುರಮಾಯಿಯಲ್ಲಿ, ಅಂದರೆ ಅಂಜಲ್ ಮೀನಿನಲ್ಲಿ, ಅಕ್ಕಿಕಾಳಿನಂಥ ಬಿಳಿ ಗಂಟು ಕಂಡರೆ ಅದು ಲಾಡಿಹುಳದ ಮರಿಯ ಚೀಲವಿರಬಹುದು. ಅದು ಬಲಿಯುವುದು ಶಾರ್ಕ್, ತೊರಕೆ ಮೀನುಗಳ ಕರುಳಿನಲ್ಲಿ, ನಮ್ಮಲ್ಲಲ್ಲ. ಗಾಭೋಳಿಯಲ್ಲಿ, ಅಂದರೆ ಮೀನಿನ ಮೊಟ್ಟೆಯ ಗಡ್ಡೆಯಲ್ಲಿ, ಕೆಂಪು ದಾರದಂಥ ಫಿಲೊಮೆಟ್ರಾ ಹುಳ ಸಿಗುವುದುಂಟು. ಅದು ಅಲ್ಲೇ ರಕ್ತ ಕುಡಿಯುವುದರಿಂದ ಪೆಟ್ಟು ಬೀಳುವುದು ಮೀನಿನ ಸಂತಾನಕ್ಕೆ.

ಇನ್ನು ಮನುಷ್ಯನ ವಿಷಯ. ಹಸಿಯಾಗಿ ಅಥವಾ ಅರೆಬೆಂದ ಮೀನಿನೊಂದಿಗೆ ಜೀವಂತ ಅನಿಸಾಕಿಸ್ ಹೊಟ್ಟೆಗಿಳಿದರೆ ಕೆಲವೇ ಗಂಟೆಗಳಲ್ಲಿ ತೀವ್ರ ಹೊಟ್ಟೆನೋವು, ವಾಂತಿ. ಹುಳ ಜಠರದ ಗೋಡೆಗೆ ತಲೆ ತೂರಿಸುತ್ತದೆ. ವೈದ್ಯರು ಎಂಡೊಸ್ಕೋಪಿಯಲ್ಲಿ ಅದನ್ನು ಹಿಡಿದು ಹೊರತೆಗೆಯುತ್ತಾರೆ. ಮೀನನ್ನು ಹಸಿಯಾಗಿ ತಿನ್ನುವ ಜಪಾನಿನಲ್ಲಿ ಈ ಕಾಟ ಹೆಚ್ಚು. ನಮ್ಮ ಸಾರು, ಹುರಿದ ತುಂಡುಗಳಲ್ಲಿ ಅದು ಉಳಿಯಬೇಕಾದರೆ ಅಡುಗೆಯಲ್ಲೇ ತಪ್ಪಾಗಿರಬೇಕು.

ತಪ್ಪಾಗುವುದು ಹೆಚ್ಚಾಗಿ ಸುರಮಾಯಿ ಹುರಿಯುವಾಗ. ತುಂಡು ದಪ್ಪ, ಉರಿ ಜೋರು, ಮೇಲಿನ ರವೆ ಬೇಗ ಕೆಂಪಾಗುತ್ತದೆ, ಎಲುಬಿನ ಹತ್ತಿರ ಮಾಂಸ ಹಸಿ ಉಳಿಯುತ್ತದೆ. ಹುಳ ಸಾಯಲು ತುಂಡಿನ ನಟ್ಟನಡುವೆ 60 ಡಿಗ್ರಿ ಸೆಲ್ಸಿಯಸ್ ಕನಿಷ್ಠ ಒಂದು ನಿಮಿಷ ಇರಬೇಕು. ಅರ್ಧ ಇಂಚಿಗಿಂತ ದಪ್ಪ ಕೊಯ್ಯಬೇಡಿ, ನಡು ಉರಿಯಲ್ಲಿ ಒಂದೊಂದು ಬದಿಗೆ ನಾಲ್ಕೈದು ನಿಮಿಷ ಬಿಡಿ. ಎಲುಬಿನ ಪಕ್ಕ ಚಮಚೆಯಿಂದ ಒತ್ತಿದರೆ ಮಾಂಸ ಪದರಪದರವಾಗಿ ಬಿಡಬೇಕು; ಗಾಜಿನಂತೆ ಮಿನುಗಿದರೆ ಇನ್ನೂ ಬೇಯಬೇಕು. ಉಪ್ಪು, ಲಿಂಬೆರಸ, ಹುಣಸೆಹುಳಿ ಸವರಿಟ್ಟ ಮಾತ್ರಕ್ಕೆ ಹುಳ ಸಾಯುವುದಿಲ್ಲ. ಫ್ರೀಜರ್ ನಂಬುವುದಾದರೆ ಮೈನಸ್ 20 ಡಿಗ್ರಿಯಲ್ಲಿ ಏಳು ದಿನ. ಒಂದೇ ಬಾಗಿಲಿನ ಫ್ರಿಜ್ಜಿನ ಐಸ್ ಖಾನೆ ಅಷ್ಟು ತಣ್ಣಗಾಗುವ ಭರವಸೆಯಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೊಟ್ಟೆ ತೆಗೆಯುವುದನ್ನು ಮಾತ್ರ ತಡಮಾಡಬಾರದು. ಮೀನು ಸತ್ತ ಮೇಲೆ ಕೆಲವು ಹುಳಗಳು ಕರುಳು ಬಿಟ್ಟು ಹೊಟ್ಟೆಯ ತೆಳು ಮಾಂಸಕ್ಕೆ ನುಗ್ಗುತ್ತವೆ. ಗುದದಿಂದ ಗಂಟಲವರೆಗೆ ಸೀಳಿ, ಕರುಳು-ಯಕೃತ್ತು ಒಟ್ಟಿಗೆ ಎಳೆದು, ಒಳಗಿನ ಕಪ್ಪು ಪೊರೆ ಉಜ್ಜಿ, ಬೆನ್ನೆಲುಬಿನಡಿಯ ರಕ್ತದ ಗೆರೆಯನ್ನು ಚಾಕುತುದಿಯಿಂದ ಕೆರೆಯಿರಿ. ಹೊಟ್ಟೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಹುಳ ಕಂಡರೆ ಆ ಅಂಚನ್ನೇ ಕತ್ತರಿಸಿ. ಚಾಕು, ಮಣೆಗಳನ್ನು ತೊಳೆಯದೆ ಕೋತಂಬರಿ ಹೆಚ್ಚಬೇಡಿ. ಸತ್ತ ಹುಳವೂ ಕೆಲವರಿಗೆ ಅಲರ್ಜಿ ತರಬಲ್ಲದು. ಚೆನ್ನಾಗಿ ಬೆಂದ ಮೀನು ತಿಂದರೂ ಪ್ರತಿಸಲ ಮೈಮೇಲೆ ದದ್ದು ಏಳುವವರು ವೈದ್ಯರಿಗೆ ತೋರಿಸಲೇಬೇಕು.

ನಿಜವಾಗಿ ಹೆದರಬೇಕಾದ್ದು ಬೇರೆಯೇ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ಗೋವಾ, ಕಾರವಾರದಿಂದ ಘಾಟಿ ಹತ್ತಿ ಬೆಳಗಾವಿಗೆ, ಅಲ್ಲಿಂದ ಗೋಕಾಕಕ್ಕೆ ಬರುವಷ್ಟರಲ್ಲಿ ಐಸ್ ಸಾಲದೆ ಬಾಂಗಡಾ ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಉಂಟುಮಾಡುತ್ತವೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪು, ತುರಿಕೆ, ತಲೆನೋವು. ಹುಳ ಬೆಂದು ಸಾಯುತ್ತದೆ, ಹಿಸ್ಟಮಿನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಮನೆಗೆ ಒಯ್ಯುವಾಗ ಕಿಲೊ ಮೀನಿಗೆ ಕಿಲೊ ಐಸ್ ಹಾಕಿಸಿಕೊಳ್ಳಿ. ಅಂಗಡಿಯಲ್ಲಿ ಐಸ್ ಕರಗಿ ಬುಟ್ಟಿಯ ಮೀನು ಮುಟ್ಟಿದರೆ ಬೆಚ್ಚಗೆ ಹತ್ತಿತೆಂದರೆ, ಹೊಟ್ಟೆಯಲ್ಲಿ ಒಂದು ಹುಳವಿಲ್ಲದಿದ್ದರೂ ಆ ಬಾಂಗಡಾ ಬೇಡ.