ಕಾಕಾನ ಟ್ರಂಕಿನಾಗಿನ ‘ಅರ್ಥ್‌ಬೌಂಡ್’ ಅಸಲಿ ಏನು?

ಬೀದರಿನಿಂದ ಕೇಳಿದವರಿಗೆ ನಮಸ್ಕಾರ್ರಿ. ಅಮೆರಿಕದಾಗಿದ್ದ ಕಾಕಾನ ಟ್ರಂಕಿನಾಗ ‘ಅರ್ಥ್‌ಬೌಂಡ್’ ಅನ್ನೋ ಸೂಪರ್ ನಿಂಟೆಂಡೊ ವಿಡಿಯೋ ಗೇಮಿನ, ಡಬ್ಬಿ ಇಲ್ಲದ ಕಾರ್ಟ್ರಿಡ್ಜ್ (ಯಂತ್ರಕ್ಕ ಸಿಗಿಸೋ, ಆಟ ತುಂಬಿದ ಪ್ಲಾಸ್ಟಿಕ್ ತುಂಡು) ಸಿಕ್ಕದ, ಅಸಲಿನೋ ನಕಲಿನೋ, ಮಾರಲೋ ಇಟ್ಟುಕೊಳ್ಳಲೋ ಅಂತ ಕೇಳೀರಿ.

ಮೊದಲು ಬಿಚ್ಚಿ ನೋಡ್ರಿ. 3.8 ಮಿ.ಮೀ. ಗೇಮ್‌ಬಿಟ್ (ಇಂಥ ಸ್ಕ್ರೂ ಬಿಚ್ಚೋ ವಿಶೇಷ ಮೊನಿ) ಬೇಕು, ಸಾದಾ ಸ್ಕ್ರೂಡ್ರೈವರ್ ಹಾಕಿ ಸ್ಕ್ರೂ ಕೆಡಿಸಬ್ಯಾಡ್ರಿ. ಬೋರ್ಡ್ ಮ್ಯಾಲ ನಿಂಟೆಂಡೊ ಅಂತ ಅಚ್ಚು ಇರಬೇಕು. ನಾನು ಕಲಬುರಗಿಯಾಗ ಹಳೇ ಸಾಮಾನಿನ ಅಂಗಡಿಯೊಂದರಾಗ ಥಳಥಳ ಲೇಬಲ್ ನೋಡಿ ಒಂದು ತಗೊಂಡಿದ್ದೆ. ಮನಿಗೆ ಬಂದು ಬಿಚ್ಚಿದ್ರ ಚಿಪ್ ಇರೋ ಜಾಗದಾಗ ಕರೀ ಅಂಟಿನ ಉಂಡಿ, ಅಂದ್ರ ನಕಲಿ!

1994ರಾಗ ಜಪಾನಿನಾಗ ಇದು ‘ಮದರ್ 2’ ಆಗಿ ಬಂತು, ಅಮೆರಿಕಕ್ಕ 1995ರಾಗ. ರೂಪಿಸಿದ ಶಿಗೆಸಾಟೊ ಇಟೊಯಿ ಜಾಹೀರಾತು ಬರೆಯೋ ಮನುಷ್ಯ. ಕಥಾನಾಯಕ ಕತ್ತಿ ಹಿಡಿದ ವೀರ ಅಲ್ಲ, ಬೇಸ್‌ಬಾಲ್ ಬ್ಯಾಟ್ ಹಿಡಿದ ಹುಡುಗ. ಅಮೆರಿಕದಾಗ ‘ಈ ಆಟ ನಾರ್ತದ’ ಅಂತ ಪ್ರಚಾರ ಮಾಡಿ, ಆಟದ ಜೊತಿ ದೊಡ್ಡ ಡಬ್ಬಿಯಾಗ ಬಂದ ಗೈಡ್ ಪುಸ್ತಕದಾಗ ಕೆರೆದ್ರ ವಾಸನಿ ಬರೋ ಕಾರ್ಡೂ ಹಾಕಿದ್ರು. ಮಾರಾಟ ಮಕಾಡೆ ಬಿತ್ತು. ಈಗ ಅದೇ ಗೈಡು, ಆ ದೊಡ್ಡ ಡಬ್ಬಿ ಸಮೇತ ಪೂರಾ ಸೆಟ್‌ಗೆ ಭಾರಿ ಬೆಲಿ. ನಿಮ್ಮದಕ್ಕ ಅಷ್ಟು ಬರಂಗಿಲ್ರಿ.

ಕಳ್ಳ ಪ್ರತಿ ಹಿಡಿಯಾಕ ಆಟದೊಳಗ ಹಾಕಿದ ಕೋಡ್ ಮಾತ್ರ ಭಾರಿ ಖೋಡಿ: ಶತ್ರುಗಳನ್ನ ಹೆಚ್ಚು ಮಾಡಿ ಸತಾಯಿಸಿ, ಕಡೀ ಕಾಳಗದಾಗ ಆಟ ನಿಲ್ಲಿಸಿ ಸೇವ್ (ಅಲ್ಲಿತನಕ ಆಡಿದ್ದರ ದಾಖಲಿ) ಅಳಿಸ್ತದ.

ಆಟ ಆಡಿಸೋ ಯಂತ್ರ, ಅಂದ್ರ ಕನ್ಸೋಲೂ ಇದ್ರ ಅದರ ಅಡಾಪ್ಟರ್ 120 ವೋಲ್ಟಿನದು, ನಮ್ಮ ಪ್ಲಗ್ಗಿಗೆ ಸೀದಾ ಹಾಕಿದ್ರ ಸುಡ್ತದ. ವೋಲ್ಟ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಸೇವ್ ಕಾಯೋ, ಕಾರ್ಟ್ರಿಡ್ಜಿನೊಳಗಿನ ಬ್ಯಾಟರಿ ಬದಲಿಸೋ ಮೊದಲು ಒಮ್ಮೆ ಹಚ್ಚಿ ನೋಡ್ರಿ, ಕಾಕಾ ಎಲ್ಲಿತನಕ ಆಡಿದ್ರೋ ಅದು ಇನ್ನೂ ಉಳಿದಿರಬಹುದು.