ಸಂಪಾದಕರ ಉತ್ತರ: ಜೋಗವೋ, ಕುಂಚಿಕಲ್ಲೋ?

ಸಾಗರದ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಉದ್ದನೆಯ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು, ಹಾಗಾಗಿ ಉಳಿದ ಓದುಗರಿಗೆ ಅದರ ತಿರುಳನ್ನು ಮಾತ್ರ ಹೇಳುತ್ತೇನೆ. ನೀವು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ದೇಶದಲ್ಲೇ ಎತ್ತರದ ಜಲಪಾತ ನಮ್ಮ ಜೋಗ ಎಂದು ಮಕ್ಕಳಿಗೆ ಹೇಳಿಕೊಟ್ಟವರು. ಈಗ ಒಂಬತ್ತನೇ ತರಗತಿಯ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿನಲ್ಲಿ ಮಾಸ್ತಿಕಟ್ಟೆ ಹತ್ತಿರದ ಕುಂಚಿಕಲ್ ಜಲಪಾತದ ಹೆಸರು ಬರೆದಿದ್ದಾಳೆ. ಎಲ್ಲಿ ಸಿಕ್ಕಿತು ಅಂದರೆ ವಿಕಿಪೀಡಿಯ ಅಂದಳಂತೆ. ನಿಮ್ಮ ಪ್ರಶ್ನೆ ನೇರವಾಗಿದೆ: "ಸಂಬಳ ಇಲ್ಲದವರು, ಹೆಸರೂ ಹೇಳದವರು, ಬಿಡುವಾದಾಗ ಬರೆದು ಹಾಕಿದ್ದನ್ನು ಪಠ್ಯಪುಸ್ತಕಕ್ಕಿಂತ ಜಾಸ್ತಿ ನಂಬಬೇಕೆ? ಅದನ್ನು ನೋಡಿ ಎಂದು ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲೇ ಬರೆದಿದ್ದೀರಲ್ಲ, ಏಕೆ?"

ಮೊದಲು ಜಲಪಾತದ ಜಗಳ ಬಗೆಹರಿಸೋಣ. ಜೋಗದ ಎತ್ತರ 253 ಮೀಟರ್. ಕುಂಚಿಕಲ್ 455 ಮೀಟರ್ ಎಂದು ವಿಕಿಪೀಡಿಯದಲ್ಲಿದೆ. ಆದರೆ ಜೋಗದ ರಾಜಾ ಒಂದೇ ನೆಗೆತಕ್ಕೆ ಕೆಳಗೆ ಬೀಳುತ್ತಾನೆ. ಕುಂಚಿಕಲ್ಲಿನಲ್ಲಿ ವಾರಾಹಿ ನದಿ ಬಂಡೆಯಿಂದ ಬಂಡೆಗೆ ಇಳಿಯುತ್ತಾ ಹೋಗುತ್ತಾಳೆ. ಅದೂ ಮಾಣಿ ಅಣೆಕಟ್ಟು ಕಟ್ಟಿ ಕರೆಂಟಿಗೆ ನೀರು ತಿರುಗಿಸಿದ ಮೇಲೆ ಮಳೆಗಾಲ ಬಿಟ್ಟರೆ ಅಲ್ಲಿ ನೋಡಲು ಹೆಚ್ಚೇನೂ ಇಲ್ಲ. ನೇರ ಬೀಳುವುದನ್ನೇ ಲೆಕ್ಕ ಹಿಡಿದರೂ ಮೇಘಾಲಯದ ನೋಹ್ಕಲಿಕಾಯ್ 340 ಮೀಟರ್ ಇದೆ. ಅಂದರೆ ಯಾವ ಲೆಕ್ಕದಲ್ಲೂ ಜೋಗ ಮೊದಲನೆಯದಲ್ಲ. ಬೇಜಾರು ಮಾಡಿಕೊಳ್ಳಬೇಡಿ ಮೇಷ್ಟ್ರೇ, ನನಗೂ ಶಾಲೆಯಲ್ಲಿ ಜೋಗ ಅಂತಲೇ ಹೇಳಿಕೊಟ್ಟಿದ್ದು. ಹಾಗೆ ಬರೆದವರಿಗೆ, ಅದನ್ನು ಪಾಠ ಮಾಡಿದವರಿಗೆ ಸಂಬಳ ಇತ್ತು ಅಲ್ವಾ?

ಹಾಗಂತ ಮೊಮ್ಮಗಳಿಗೆ ಪೂರ್ತಿ ಅಂಕ ಕೊಡಬೇಡಿ. ಈ 455 ಮೀಟರನ್ನು ಯಾರು ಅಳೆದರು, ಎಲ್ಲಿಂದ ಎಲ್ಲಿವರೆಗೆ ಅಳೆದರು ಎಂದು ಕೇಳಿ. ಪುಟದ ಕೆಳಗಿರುವ ಅಡಿಟಿಪ್ಪಣಿ ಒತ್ತಿ ನೋಡಲಿ. ಅದು ಸಮೀಕ್ಷೆಯ ದಾಖಲೆಗೆ ಹೋಗುತ್ತದೋ, ಯಾವುದೋ ಪ್ರವಾಸಿ ತಾಣದ ಜಾಹೀರಾತಿಗೆ ಹೋಗುತ್ತದೋ ಅವಳೇ ಕಂಡುಕೊಳ್ಳಲಿ. ಮಕ್ಕಳ ಪುಟದಲ್ಲಿ ವಿಕಿಪೀಡಿಯ ನೋಡಿ ಎಂದು ನಾವು ಬರೆದದ್ದು ಇದಕ್ಕೇ. ಪಠ್ಯಪುಸ್ತಕಕ್ಕೆ ಎದುರು ಪ್ರಶ್ನೆ ಹಾಕುವ ದಾರಿ ಮಗುವಿಗೆ ಇರುವುದಿಲ್ಲ, ಇಲ್ಲಿ ಇದೆ.

ಈಗ ಸಂಬಳದ ಮಾತು. ದುಡ್ಡು ಕೊಟ್ಟರೆ ಕೆಲಸ ಚೆನ್ನಾಗಿ ಆಗುತ್ತದೆ ಅನ್ನುವುದಕ್ಕೆ ಕನ್ನಡ ವಿಕಿಪೀಡಿಯದಲ್ಲೇ ಒಂದು ತಮಾಷೆಯ ಉತ್ತರ ಇದೆ. 2010ರ ಆಸುಪಾಸಿನಲ್ಲಿ ಗೂಗಲ್ ಕಂಪನಿ ಹಣ ಕೊಟ್ಟು ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ಅನುವಾದ ಮಾಡಿಸಿ ಅಲ್ಲಿ ಸೇರಿಸಿತು. ಲಿಪಿ ಕನ್ನಡ, ವಾಕ್ಯ ಮಾತ್ರ ಯಾವ ಊರಿನದೋ. ಒಂದು ಪ್ಯಾರಾ ಓದುವಷ್ಟರಲ್ಲಿ ಸುಸ್ತಾಗುತ್ತಿತ್ತು. ಆ ಕಸವನ್ನು ತಿದ್ದುವ ಕೆಲಸ ಬಿದ್ದದ್ದು ಬಿಟ್ಟಿ ದುಡಿಯುವವರ ತಲೆಗೆ. ಇನ್ನು ಸಂಬಳವಿಲ್ಲದ ಕೆಲಸಕ್ಕೆ ಬೆಲೆ ಇಲ್ಲ ಎಂದು ನಿಮ್ಮ ತಾಲ್ಲೂಕಿನವರು ಹೇಳಬಾರದು. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದವರು ನಾಟಕದ ಹುಚ್ಚಿನ ಹಳ್ಳಿಯವರೇ.

ಹಕ್ಕಿ ನೋಡುವವರ ಉದಾಹರಣೆ ನನಗೆ ಇನ್ನೂ ಇಷ್ಟ. ಗುಡವಿ ಪಕ್ಷಿಧಾಮಕ್ಕೋ ಮಂಡಗದ್ದೆ ಪಕ್ಷಿಧಾಮಕ್ಕೋ ದುರ್ಬೀನು ಹಿಡಿದು ಬರುವವರು ಯಾವ ಹಕ್ಕಿ, ಎಷ್ಟು, ಯಾವ ದಿನ ಎಂದು ಇ-ಬರ್ಡ್ ಎಂಬ ತಾಣಕ್ಕೆ ತುಂಬುತ್ತಾರೆ. ಒಂದು ಪೈಸೆ ಸಿಗುವುದಿಲ್ಲ. ಆ ಕಾಲದಲ್ಲಿ ಆ ಜಾಗದಲ್ಲಿ ಇರಬಾರದ ಹಕ್ಕಿಯ ಹೆಸರು ಬರೆದರೆ ಆ ದಾಖಲೆಯನ್ನು ಹಾಗೇ ಒಪ್ಪುವುದಿಲ್ಲ. ಆ ಪ್ರದೇಶದ ಹಕ್ಕಿ ಬಲ್ಲ ಇನ್ನೊಬ್ಬರು, ಅವರೂ ಸ್ವಯಂಸೇವಕರೇ, ಫೋಟೋ ಇದೆಯೇ, ಕೂಗು ಹೇಗಿತ್ತು ಎಂದು ವಿಚಾರಿಸುತ್ತಾರೆ. 2020 ಮತ್ತು 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಗಳು ನಿಂತಿರುವುದು ಇಂಥ ಪಟ್ಟಿಗಳ ಮೇಲೆ.

ಸಂಬಳ ಅಳತೆಗೋಲಲ್ಲ ಅಂದೆ. ಹಾಗಾದರೆ ಅಳತೆಗೋಲು ಯಾವುದು? ಆ ಪುಟವನ್ನು ವಿಷಯ ಬಲ್ಲವರು ಎಷ್ಟು ಜನ ನೋಡುತ್ತಿದ್ದಾರೆ ಅನ್ನುವುದು. ವಿಕಿಪೀಡಿಯ ಎಂದು ಒಟ್ಟಾಗಿ ನಂಬುವುದಕ್ಕೂ ಆಗುವುದಿಲ್ಲ, ಒಟ್ಟಾಗಿ ತಳ್ಳುವುದಕ್ಕೂ ಆಗುವುದಿಲ್ಲ. ಪುಟ ಪುಟಕ್ಕೂ ಬೇರೆ.

2005ರಲ್ಲಿ ನೇಚರ್ ಪತ್ರಿಕೆ ವಿಜ್ಞಾನದ 42 ವಿಷಯಗಳನ್ನು ಆರಿಸಿ, ವಿಕಿಪೀಡಿಯ ಮತ್ತು ಬ್ರಿಟಾನಿಕಾ ವಿಶ್ವಕೋಶದ ಲೇಖನಗಳನ್ನು ತಜ್ಞರಿಗೆ ಕೊಟ್ಟಿತು. ಯಾವುದು ಯಾರದ್ದು ಎಂದು ಹೇಳಿರಲಿಲ್ಲ. ಲೇಖನಕ್ಕೆ ಸರಾಸರಿ ನಾಲ್ಕು ತಪ್ಪು ವಿಕಿಪೀಡಿಯದಲ್ಲಿ, ಮೂರು ಬ್ರಿಟಾನಿಕಾದಲ್ಲಿ. ಬ್ರಿಟಾನಿಕಾದವರು ಲೆಕ್ಕವೇ ಸರಿಯಿಲ್ಲ ಎಂದು ಜಗಳ ತೆಗೆದರು. ಇದನ್ನು ಹಿಡಿದುಕೊಂಡು 'ವಿಕಿಪೀಡಿಯ ಬ್ರಿಟಾನಿಕಾದಷ್ಟೇ ಗಟ್ಟಿ' ಎಂದು ಈಗಲೂ ಭಾಷಣ ಮಾಡುವವರಿದ್ದಾರೆ. ಅದು ಇಂಗ್ಲಿಷಿನದು, ವಿಜ್ಞಾನದ್ದು, ಸಾವಿರಾರು ಜನ ಕಣ್ಣಿಟ್ಟ ಪುಟಗಳದ್ದು. ನಮ್ಮ ಹೊಸನಗರದ ಪುಟಕ್ಕೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ಗೋವಾದ ಕತೆ ಕೇಳಿ. 2007ರಲ್ಲಿ ಯಾರೋ ಒಬ್ಬರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಬಿಚೋಲಿಮ್ ಯುದ್ಧದ ಬಗ್ಗೆ ಉದ್ದನೆಯ ಲೇಖನ ಬರೆದರು. 1640ರಿಂದ 41ರವರೆಗೆ ಗೋವಾದ ಪೋರ್ಚುಗೀಸರಿಗೂ ಮರಾಠಾ ಸಾಮ್ರಾಜ್ಯಕ್ಕೂ ಕಾಳಗ, ಕೊನೆಗೆ ಒಪ್ಪಂದ. ಅಡಿಟಿಪ್ಪಣಿ ತುಂಬಾ ಇದ್ದವು. ಅದೇ ವರ್ಷ ಅದಕ್ಕೆ 'ಉತ್ತಮ ಲೇಖನ' ಎಂಬ ಗುರುತೂ ಸಿಕ್ಕಿತು. ಅಂಥ ಯುದ್ಧ ನಡೆದೇ ಇರಲಿಲ್ಲ. ಆಧಾರ ಎಂದು ಕೊಟ್ಟ ಪುಸ್ತಕಗಳೂ ಲೋಕದಲ್ಲಿ ಇರಲಿಲ್ಲ. 2012ರ ಕೊನೆಗೆ ಒಬ್ಬರು ಆ ಪುಸ್ತಕಗಳನ್ನು ಹುಡುಕಲು ಹೋದಾಗ ಬಣ್ಣ ಬಯಲಾಯಿತು. ಸುಮಾರು ಐದು ವರ್ಷ! ನಿಮ್ಮ ತರಗತಿಯ ಹುಡುಗನಾದರೂ ಹಿಡಿಯಬಹುದಿತ್ತು. ಶಿವಾಜಿ ಹುಟ್ಟಿದ್ದು 1630ರಲ್ಲಿ. ಹತ್ತು ವರ್ಷದ ಹುಡುಗನ ಕಾಲಕ್ಕೆ ಮರಾಠಾ ಸಾಮ್ರಾಜ್ಯ ಎಲ್ಲಿಂದ ಬಂತು? ಅಡಿಟಿಪ್ಪಣಿ ಇದೆ ಎಂದರೆ ಸಾಲದು, ಅದನ್ನು ಒತ್ತಿ ನೋಡಬೇಕು ಎಂದು ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೆ.

ಕನ್ನಡಕ್ಕೆ ಬಂದರೆ ಕೈಗಳು ಇನ್ನೂ ಕಡಿಮೆ. ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಲೇಖನಗಳು 30 ಸಾವಿರ ದಾಟಿವೆ. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಜಾಸ್ತಿ. ಇಲ್ಲಿ ಕಿಡಿಗೇಡಿತನಕ್ಕಿಂತ ಅರೆಬರೆ ತಿಳಿವಳಿಕೆಯ ಕಾಟವೇ ಹೆಚ್ಚು. ಕುವೆಂಪು ಹುಟ್ಟಿದ್ದು ಎಲ್ಲಿ ಎಂದು ಹತ್ತು ಜನರನ್ನು ಕೇಳಿ ನೋಡಿ, ಕುಪ್ಪಳಿ ಅನ್ನುವವರೇ ಹೆಚ್ಚು. ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿ, ಹುಟ್ಟಿದ್ದು ತಾಯಿಯ ಊರು, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ. ಬಾಯಿಮಾತಿನ ಇಂಥ ತಪ್ಪು ಯಾವ ಪುಟಕ್ಕೆ ಬೇಕಾದರೂ ನುಸುಳಬಹುದು. ತಿದ್ದುವವರು ಹತ್ತಿರದಲ್ಲಿದ್ದರೆ ಸಂಜೆಯೊಳಗೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಕೂರುತ್ತದೆ.

ಇನ್ನು ಕೆಲವು ವಿಷಯಕ್ಕೆ ಒಂದೇ ಉತ್ತರ ಇರುವುದಿಲ್ಲ. ಕನ್ನಡದ ಮೊದಲ ಶಾಸನ ಹಲ್ಮಿಡಿ, ಸುಮಾರು ಕ್ರಿ.ಶ. 450 ಎಂದು ನಾವೆಲ್ಲ ಓದಿದ್ದು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪುರಾತತ್ವ ಇಲಾಖೆ ಅಗೆದಾಗ ಸಿಕ್ಕ ಸಿಂಹಕಟಾಂಜನ ಶಾಸನವನ್ನು 370ರದ್ದು ಎಂದು ಹೇಳಿದ ಮೇಲೆ ಚರ್ಚೆ ಎದ್ದಿತು. ಒಳ್ಳೆಯ ಪುಟ ಎರಡನ್ನೂ ಹೇಳಿ, ಯಾರು ಏನು ಅನ್ನುತ್ತಾರೆ ಎಂದು ಬರೆಯುತ್ತದೆ. ಕೆಟ್ಟ ಪುಟ ನಮ್ಮ ಜಿಲ್ಲೆಯೇ ಮೊದಲು ಎಂದು ಜೈಕಾರ ಹಾಕುತ್ತದೆ. ಪುಟದ ಮೇಲ್ಗಡೆ 'ಚರ್ಚೆ' ಮತ್ತು 'ಇತಿಹಾಸ' ಎಂದು ಎರಡು ಗುಂಡಿ ಇರುತ್ತವೆ. ಯಾವ ಸಾಲನ್ನು ಯಾವತ್ತು ಯಾರು ಬದಲಾಯಿಸಿದರು, ಯಾಕೆ ಜಗಳವಾಯಿತು, ಎಲ್ಲ ಅಲ್ಲಿ ಸಿಗುತ್ತದೆ. ನನಗಂತೂ ಲೇಖನಕ್ಕಿಂತ ಚರ್ಚೆಯ ಪುಟವೇ ರುಚಿ. ರಾಜಕಾರಣಿ, ಸಿನಿಮಾ ನಟ, ಜಾತಿ, ಮಠ: ಈ ಪುಟಗಳನ್ನು ಅದನ್ನು ನೋಡದೆ ಓದಲೇಬೇಡಿ.

ಪತ್ರದಲ್ಲಿ ನೀವು ವಾಟ್ಸಾಪ್ ಮತ್ತು ವಿಕಿಪೀಡಿಯವನ್ನು ಒಂದೇ ತಕ್ಕಡಿಗೆ ಹಾಕಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಎಲೆಚುಕ್ಕಿ ರೋಗಕ್ಕೆ ಬಂದ ಔಷಧಿಯ ಫಾರ್ವರ್ಡ್ ಯಾರು ಬರೆದದ್ದು? ಗೊತ್ತಿಲ್ಲ. ತಪ್ಪಿದ್ದರೆ ತಿದ್ದುವುದು ಹೇಗೆ? ಆಗುವುದಿಲ್ಲ. ನೀವು ತಿದ್ದಿ ಕಳಿಸಿದರೂ ಹಳೆಯದು ಇನ್ನೊಂದು ಗುಂಪಿನಲ್ಲಿ ಓಡುತ್ತಲೇ ಇರುತ್ತದೆ.

ಆದರೆ ತೋಟ ಮತ್ತು ಜೀವದ ವಿಷಯದಲ್ಲಿ ವಿಕಿಪೀಡಿಯವೂ ಸಾಲದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೋಲ್ಮನ್ ಸಾಹೇಬರು ಮೈಸೂರು ಸರ್ಕಾರದಲ್ಲಿ ಕೊಳೆರೋಗದ ಹಿಂದೆ ಬಿದ್ದು 1910ರಲ್ಲಿ ವರದಿ ಬರೆದ ಕಾಲದಿಂದ ಮಲೆನಾಡಿನಲ್ಲಿ ಈ ಔಷಧಿ ಹೊಡೆಯುತ್ತಿದ್ದಾರೆ. ಪುಸ್ತಕದಲ್ಲಿ ಇರುವುದು ಇಷ್ಟೇ. ಸುಣ್ಣ ಹಳೆಯದಾಗಿ ಗಾಳಿ ತಾಗಿದ್ದರೆ ಈ ಅಳತೆ ಕೈಕೊಡುತ್ತದೆ. ಅದಕ್ಕೇ ನಮ್ಮವರು ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತಿತೋ, ಇನ್ನಷ್ಟು ಸುಣ್ಣ ಬೇಕು. ಮಂಗನ ಕಾಯಿಲೆಯ ವಿಷಯವೂ ಅಷ್ಟೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದ ಕತೆ ತಿಳಿಯಲು ವಿಕಿಪೀಡಿಯ ಸಾಕು. ಈ ಬೇಸಿಗೆಯಲ್ಲಿ ಸೊಪ್ಪು ತರಲು ಕಾಡಿಗೆ ಹೋಗಬಹುದೇ, ಜ್ವರ ಬಂದರೆ ಏನು ಮಾಡಬೇಕು ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋಗಿ. ಹಳೆಯ ಲಸಿಕೆಯ ಬಳಕೆ ನಿಂತುಹೋಗಿದೆ. ಯಾರೂ ಮುಟ್ಟದ ಪುಟದಲ್ಲಿ ಇಂಥ ಹಳೆಯ ಮಾತು ಹೊಸದರಂತೆ ಕೂತಿರಬಹುದು.

ಒಂದು ಗುಟ್ಟು ಹೇಳುತ್ತೇನೆ. ನಮ್ಮ ಮೇಜಿಗೆ ಬರುವ ಪ್ರವಾಸ ಲೇಖನಗಳಲ್ಲಿ ವಿಕಿಪೀಡಿಯದ ಸಾಲುಗಳು ಅಲ್ಪವಿರಾಮದ ಸಮೇತ ಇರುತ್ತವೆ. ಕಳಿಸಿದವರು ಸಂಭಾವನೆ ಎಷ್ಟು ಎಂದೂ ಕೇಳುತ್ತಾರೆ! ಇಂಥದ್ದು ಒಂದು ಕಡೆ ಅಚ್ಚಾಯಿತು ಅಂದುಕೊಳ್ಳಿ. ನಾಳೆ ಅದೇ ವಿಕಿಪೀಡಿಯ ಪುಟಕ್ಕೆ ಆ ಪತ್ರಿಕೆಯೇ ಆಧಾರ. ತಪ್ಪು ಒಂದು ಸುತ್ತು ಹೊಡೆದು ಅಡಿಟಿಪ್ಪಣಿ ಹಾಕಿಕೊಂಡು ಮನೆಗೆ ಬರುತ್ತದೆ. ಹಾಗಾಗಿ ಎರಡು ಕಡೆ ಒಂದೇ ಮಾತಿದೆ ಎಂದು ಸುಮ್ನೆ ಒಪ್ಪಬೇಡಿ. ಯಾವುದು ಮೊದಲು ಬಂತು ಎಂದು ತಾರೀಖು ನೋಡಿ.

ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಮಾತು ಸೇರಿಸಿದ್ದೀರಿ. ನಿಮ್ಮ ಸುತ್ತಿನ ಅಪ್ಪೆಮಿಡಿ (ಉಪ್ಪಿನಕಾಯಿಯ ಮಾವಿನ ಮಿಡಿ) ಮರಗಳ ಹೆಸರು, ಯಾವ ಹೊಳೆ ದಂಡೆ, ಸೊನೆಯ ವಾಸನೆ, ಉಪ್ಪಿನಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೀರಂತೆ. ಹಳೆಯ ಶಿಷ್ಯ ಅದನ್ನು ವಿಕಿಪೀಡಿಯಕ್ಕೆ ಹಾಕಿ ಅಂದನಂತೆ. ಹಾಕಲು ಯಾರ ಅಪ್ಪಣೆಯೂ ಬೇಡ. ಆದರೆ ಅಲ್ಲಿ ನಿಲ್ಲುವುದು ಕಷ್ಟ. ಸ್ವಂತ ಅನುಭವವನ್ನು ಅವರು ಆಧಾರ ಎಂದು ಒಪ್ಪುವುದಿಲ್ಲ. ಬೇರೆ ಕಡೆ ಪ್ರಕಟವಾಗಿರಬೇಕು ಅನ್ನುವುದು ನಿಯಮ. ಬಿಚೋಲಿಮ್‌ನಂಥ ಕಟ್ಟುಕತೆ ತಡೆಯಲು ಇಂಥ ನಿಯಮ ಬೇಕೇ ಬೇಕು. ಅದೇ ನಿಯಮದಿಂದ ಮಲೆನಾಡಿನವರ ಬಾಯಲ್ಲಿ ಮಾತ್ರ ಇರುವ ಜ್ಞಾನ ಹೊರಗೆ ಉಳಿಯುತ್ತದೆ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ ಎಂದು ಯಾರು ಬೇಕಾದರೂ ಬರೆಯಬಹುದು, ಅದಕ್ಕೆ ಸರ್ಕಾರಿ ದಾಖಲೆ ಇದೆ. ಯಾವ ಮರದ ಮಿಡಿಗೆ ಜೀರಿಗೆ ವಾಸನೆ ಎಂದು ಬರೆಯಲು ನಿಮ್ಮ ನೋಟ್‌ಬುಕ್ ಬಿಟ್ಟರೆ ದಾಖಲೆ ಎಲ್ಲಿದೆ?

ಅದನ್ನು ನಮಗೆ ಕೊಡಿ, ಮೂರ್ನಾಲ್ಕು ಕಂತಿನಲ್ಲಿ ಹಾಕೋಣ. ಅಚ್ಚಿಗೆ ಮುಂಚೆ ಮಿಡಿ ಕೊಯ್ಯುವ ಒಂದಿಬ್ಬರಿಗೆ ಓದಿ ಹೇಳಿ, ಅವರು ಬೇರೆ ಹೆಸರು ಹೇಳಿದರೆ ಅದನ್ನೂ ಪಕ್ಕದಲ್ಲಿ ಬರೆಯಿರಿ. ಮರ ಯಾರ ಜಮೀನಿನಲ್ಲಿದೆ ಎಂದು ಬರೆಯುವುದು ಬೇಡ, ಕದಿಯುವವರಿಗೆ ದಾರಿ ತೋರಿಸಿದಂತಾಗುತ್ತದೆ. ಫೋಟೋ ಕಳಿಸುವಾಗ ಮಿಡಿಯ ಜೊತೆ ಎಲೆಯದ್ದೂ ಇರಲಿ.

ಇಂತಿ ನಿಮ್ಮ,
ಸಂಪಾದಕ